ಯಂತ್ರ ಕೆಟ್ಟಿತ್ತು

ಊಟದ ಡಬ್ಬಿ ಕೆಂಪಮ್ಮನ ಕಡೆಗೆ ಬರಲಿಲ್ಲ.

ಸೋಮವಾರ ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಡೆಸ್ ಪ್ಲೇನ್ಸ್‌ನ ಮುದುಕರನ್ನು ನೋಡಿಕೊಳ್ಳುವ ಆ ನರ್ಸಿಂಗ್ ಹೋಮಿನ ಬ್ರೇಕ್ ರೂಮಿನಲ್ಲಿ ಏಳು ವರ್ಷದಿಂದ ಒಂದು ಪದ್ಧತಿ ಇತ್ತು. ಫಿಲಿಪಿನೋ ಹೆಂಗಸರು ತಮ್ಮ ಡಬ್ಬಿಗಳನ್ನು ಮೇಜಿನ ನಡುವೆ ಬಿಚ್ಚಿಡುತ್ತಿದ್ದರು. ಹುರಿದ ಶಾವಿಗೆ, ಬೆಳ್ಳುಳ್ಳಿ ಅನ್ನ, ಹುಳಿ ಹಿಂಡಿದ ಮೀನಿನ ಸಾರು. ಕೆಂಪಮ್ಮ ತನ್ನ ಚಿತ್ರಾನ್ನ ಇಡುತ್ತಿದ್ದಳು. ಯಾರೂ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಕೈ ಹಾಕುವುದು, ತಿನ್ನುವುದು, ಅಷ್ಟೇ. ಈಗ ಡಬ್ಬಿಗಳು ಮೇಜಿನ ಆ ತುದಿಯಲ್ಲೇ ನಿಂತುಬಿಟ್ಟವು. ಅವಳ ಚಿತ್ರಾನ್ನಕ್ಕೆ ಒಬ್ಬರೂ ಕೈ ಹಾಕಲಿಲ್ಲ. ಅವಳು ಒಳಗೆ ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು.

ಇದರ ಅರ್ಥವನ್ನು ಕೆಂಪಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಐವತ್ತೆರಡು ವರ್ಷದ ಹೆಂಗಸು. ಜೊತೆಯಲ್ಲಿ ತಿನ್ನುತ್ತಿದ್ದವರು ಇದ್ದಕ್ಕಿದ್ದಂತೆ ತಟ್ಟೆ ಎಳೆದುಕೊಂಡರೆ ಅದಕ್ಕೆ ಒಂದೇ ಕಾರಣ. ಚನ್ನಪಟ್ಟಣದ ಸ್ಕೂಲಿನಲ್ಲಿ ಅದೇ ಕಾರಣ. ಬೆಂಗಳೂರಿನ ಫ್ಯಾಕ್ಟರಿ ಕ್ವಾರ್ಟರ್ಸಿನಲ್ಲಿ ಅದೇ ಕಾರಣ. ಗಂಡ ಬದುಕಿದ್ದಾಗ ಮಿಷಿಗನ್ನಿನ ಲಿವೋನಿಯಾದಲ್ಲಿ ಯುಗಾದಿ ಊಟಕ್ಕೆ ಕರೆದವರು ಮರುವರ್ಷ ಕರೆಯದೆ ಹೋದಾಗಲೂ ಅದೇ ಕಾರಣ. ಇವರಿಗೂ ಗೊತ್ತಾಗಿಹೋಗಿದೆ. ಯಾರೋ ಹೇಳಿದ್ದಾರೆ.

ಬೆಳಿಗ್ಗೆ ಏಳರಿಂದ ಅವಳು ಹನ್ನೊಂದು ಮೈಗಳನ್ನು ಹೊರಳಿಸಿದ್ದಳು. ಹೊರಳಿಸಿ, ಒರೆಸಿ, ಡಯಾಪರ್ ಬದಲಿಸಿ, ಬೆನ್ನು ಹುಣ್ಣಾಗದ ಹಾಗೆ ದಿಂಬು ತುರುಕಿ, ಮತ್ತೆ ಹೊರಳಿಸಿದ್ದಳು. ಕೈಯಲ್ಲಿ ಬ್ಲೀಚಿನ ವಾಸನೆ. ಸೊಂಟದಲ್ಲಿ ಬೆಂಕಿ. ಹಾಸಿಗೆಯ ಬಟ್ಟೆಯನ್ನೇ ಜೋಲಿ ಮಾಡಿ, ಮೊಣಕಾಲು ಮಡಿಸಿ, ಭಾರದ ಮೈ ಎಳೆಯುವುದನ್ನು ಕಲಿಸಿದವಳು ಎರ್ಲಿಂಡಾ. ಗಂಡ ಸತ್ತ ಮೇಲೆ ಹತ್ತು ವರ್ಷದ ಮಗಳನ್ನು ಕಟ್ಟಿಕೊಂಡು ಮಿಷಿಗನ್ನಿನಿಂದ ಇಲ್ಲಿಗೆ ಬಂದಾಗ ಅವಳಿಗೆ ಕೆಲಸ ಕಲಿಸಿದ್ದು, ಡ್ರೈವ್ ಮಾಡುವುದನ್ನು ಕಲಿಸಿದ್ದು ಎಲ್ಲ ಎರ್ಲಿಂಡಾನೇ. ಒಂದು ತಿಂಗಳ ಹಿಂದೆ ಅದೇ ಎರ್ಲಿಂಡಾ ಹದಿನಾಲ್ಕನೇ ರೂಮಿನಲ್ಲಿ ಬೆನ್ನು ಮುರಿದುಕೊಂಡು ಬಿದ್ದಿದ್ದಳು. ಹೋದ ವಾರದವರೆಗೂ ಫೋನಿನಲ್ಲಿ ನರಳುತ್ತಲೇ ಮಾತಾಡುತ್ತಿದ್ದಳು. ಈಗ ಫೋನ್ ಎತ್ತುತ್ತಿಲ್ಲ. ಜಾತಿ ಗೊತ್ತಾದ ಮೇಲೆ ಬೆನ್ನು ಮುರಿದವರೂ ಮುಖ ತಿರುಗಿಸುತ್ತಾರೆ ಎಂದುಕೊಂಡಳು ಕೆಂಪಮ್ಮ.

ಹೇಳಿರಬಹುದಾದವರು ಇಬ್ಬರೇ.

ಒಬ್ಬ ಜಯಸಿಂಹ. ಆ ನರ್ಸಿಂಗ್ ಹೋಮಿನ ಅಡ್ಮಿನಿಸ್ಟ್ರೇಟರ್. ಮೈಸೂರಿನವನು, ಮನೆ ಶಾಮ್‌ಬರ್ಗ್‌ನಲ್ಲಿ. ಮೂರು ವರ್ಷದ ಹಿಂದೆ ದಸರಾ ಬೊಂಬೆ ನೋಡಲು ಮನೆಗೆ ಕರೆದಿದ್ದ. ಅವನ ಹೆಂಡತಿ ಪ್ರಭಾ ನಗುನಗುತ್ತಲೇ ಕೇಳಿದ್ದಳು, "ನೀವು ಯಾರ ಪೈಕಿ? ಮನೆದೇವ್ರು ಯಾವ್ದು?" ಕೆಂಪಮ್ಮ ಹೇಳಿದಳು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಆಮೇಲೆ ಪ್ರಸಾದದ ತಟ್ಟೆ ಎಲ್ಲರ ಮುಂದೆ ಹೋಯಿತು, ಅವಳ ಮುಂದೆ ಬರುವಷ್ಟರಲ್ಲಿ ದಾರಿ ತಪ್ಪಿತು. ಹೊರಡುವಾಗ ಪೇಪರ್ ನ್ಯಾಪ್ಕಿನ್ನಿನಲ್ಲಿ ಪ್ರಸಾದ ಸುತ್ತಿ ಗ್ಯಾರೇಜಿನ ಬಾಗಿಲಲ್ಲಿ ಕೈಗೆ ಹಾಕಿದರು. ಮಾರನೇ ದಿನದಿಂದ ಜಯಸಿಂಹನ ಬಾಯಲ್ಲಿ ಅವಳಿಗೆ ಕನ್ನಡ ಬರಲಿಲ್ಲ. "ಗುಡ್ ಮಾರ್ನಿಂಗ್, ಕೆಮ್." ಹೆಸರನ್ನೂ ಕತ್ತರಿಸಿದ, ಭಾಷೆಯನ್ನೂ ಕತ್ತರಿಸಿದ. ಆದರೆ ಮೂರು ವರ್ಷ ಯಾರಿಗೂ ಹೇಳದವನು ಈಗ ಯಾಕೆ ಹೇಳುತ್ತಾನೆ?

ಹಾಗಾದರೆ ಇನ್ನೊಬ್ಬಳು. ಮಗಳು ಇಂಚರ.

ಇಂಚರಳಿಗೆ ಹದಿನೇಳು. ಎರ್ಲಿಂಡಾಳ ಮಗಳು ಲಿಗಾಯಾ ಅವಳನ್ನು ತನ್ನ ಗುಂಪಿಗೆ ಸೇರಿಸಿಕೊಂಡಿದ್ದಳು. ಫಿಲಿಪಿನೋ ಹುಡುಗ ಹುಡುಗಿಯರ ಗುಂಪು. ಅಮ್ಮಂದಿರ ವಯಸ್ಸಿನವರನ್ನೆಲ್ಲ ಅವರು ಟೀಟಾ, ಅಂದರೆ ಚಿಕ್ಕಮ್ಮ, ಎನ್ನುತ್ತಾರೆ. ಪ್ರತಿ ಶನಿವಾರ ಚರ್ಚಿನ ಬೇಸ್‌ಮೆಂಟಿನಲ್ಲಿ ಸೇರಿ ಪದ್ಯ ಬರೆಯುತ್ತಾರೆ, ಬಾಯಿಪಾಠ ಮಾಡುತ್ತಾರೆ, ಮೈಕಿನ ಮುಂದೆ ನಿಂತು ಹೇಳುತ್ತಾರೆ. ರಾಗವಿಲ್ಲ, ತಾಳವಿಲ್ಲ. ಅಮ್ಮನ ಮೊಣಕಾಲು ನೋವು, ಬಾಡಿಗೆ ಮನೆಯ ಓನರ್ ಬೈದದ್ದು, ದ್ರಾಕ್ಷಿ ತೋಟದಲ್ಲಿ ಅಜ್ಜಂದಿರು ಕೂಲಿಗಾಗಿ ಕೆಲಸ ನಿಲ್ಲಿಸಿ ಕೂತದ್ದು. ಇಲ್ಲಿಯ ಪಾರ್ಲಿಮೆಂಟಾದ ಕಾಂಗ್ರೆಸ್ಸಿಗೆ ಕಾಗದ ಬರೆಯುತ್ತಾರಂತೆ, ಬೋರ್ಡು ಹಿಡಿದು ರಸ್ತೆಯಲ್ಲಿ ನಿಲ್ಲುತ್ತಾರಂತೆ. ಮನೆಯ ವಿಷಯವನ್ನು ಮೈಕಿನಲ್ಲಿ ಊದುವ ಈ ಆಟ ಕೆಂಪಮ್ಮನಿಗೆ ಮೊದಲಿನಿಂದಲೂ ಹಿಡಿಸಿರಲಿಲ್ಲ. ಮಗಳಿಗೆ ಬುದ್ಧಿ ಬಂದಾಗಿನಿಂದ ಅವಳು ಹೇಳಿಕೊಟ್ಟದ್ದು ಒಂದೇ ಮಾತು: "ಯಾರೇ ಕೇಳಿದ್ರೂ ಕನ್ನಡದೋರು ಅನ್ನು. ಅಷ್ಟಕ್ಕೇ ನಿಲ್ಲಿಸು."

ಬುಧವಾರ ಮಗಳು ಸ್ನಾನಕ್ಕೆ ಹೋದಾಗ ಅವಳ ನೋಟ್‌ಬುಕ್ ತೆಗೆದಳು. ಕೋಳಿ ಕೆದರಿದಂಥ ಇಂಗ್ಲಿಷು. ಒಂದೇ ಪುಟದಲ್ಲಿ "ಮೈ ಮದರ್" ಅಂತ ಮೂರು ಸಲ ಸಿಕ್ಕಿತು. ಕೆಂಪಮ್ಮನಿಗೆ ಅಷ್ಟು ಸಾಕಾಯಿತು.

ಶನಿವಾರ ಮಗಳನ್ನು ಕರೆತರಲು ಒಂದು ಗಂಟೆ ಮುಂಚೆಯೇ ಹೋದಳು. ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಸದ್ದಿಲ್ಲದೆ ನಿಂತಳು. ಮೂವತ್ತು ಹುಡುಗರು ಕುರ್ಚಿಗಳಲ್ಲಿ ಕೂತಿದ್ದರು. ಯಾರೋ ಒಬ್ಬ ಪದ್ಯ ಹೇಳುತ್ತಿದ್ದ. ಮಾತು ಹಿಡಿಸಿದಾಗಲೆಲ್ಲ ಉಳಿದವರು ಚಪ್ಪಾಳೆಯ ಬದಲು ನಾಯಿಯನ್ನು ಕರೆಯುವ ಹಾಗೆ ಚಿಟಿಕೆ ಹೊಡೆಯುತ್ತಿದ್ದರು. ಆಮೇಲೆ ಲಿಗಾಯಾ ಎದ್ದಳು. ಹತ್ತೊಂಬತ್ತು ವರ್ಷದ ಕಡ್ಡಿಯಂಥ ಹುಡುಗಿ. ಎರಡು ಸಾಲು ಹೇಳಿದ್ದಳೋ ಇಲ್ಲವೋ, ಮೆಟ್ಟಿಲ ಕಡೆ ಕಣ್ಣು ಹೋಯಿತು. ಅರ್ಧ ಸಾಲಿಗೇ ನಿಲ್ಲಿಸಿದಳು. ಮೂವತ್ತು ತಲೆಗಳು ತಿರುಗಿದವು. ಬ್ರೇಕ್ ರೂಮಿನಲ್ಲಿ ಕಂಡಿದ್ದ ಅದೇ ನೋಟ.

ಕೆಂಪಮ್ಮ ಇಳಿದು ಹೋಗಿ ಮಗಳ ಮಣಿಕಟ್ಟು ಹಿಡಿದು ಎಳೆದುಕೊಂಡು ಬಂದಳು.

ಹೊರಗೆ ನೀರು ಹೆಪ್ಪುಗಟ್ಟುವ ಚಳಿ, ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ಕಾರಿನ ಹೀಟರ್ ಇನ್ನೂ ಬಿಸಿಯಾಗಿರಲಿಲ್ಲ.

"ಹೇಳ್ಬಿಟ್ಯಾ?"

"ವಾಟ್?"

"ನಮ್ ಜಾತಿ. ಅವರ ಮುಂದೆಲ್ಲ ಹೇಳಿ ಚಿಟಿಕೆ ಹೊಡೆಸ್ಕೊಂಡ್ಯಾ? ಏಳು ವರ್ಷ ಒಂದೇ ಡಬ್ಬೀಲಿ ತಿಂದೋರು ಈಗ ನನ್ ಅನ್ನ ಮುಟ್ತಿಲ್ಲ."

ಇಂಚರ ಅಮ್ಮನನ್ನೇ ನೋಡಿದಳು. ಅವಳ ಬಾಯಿ ಅಳುವುದೋ ನಗುವುದೋ ತಿಳಿಯದೆ ಸೊಟ್ಟಗಾಯಿತು. "ಓ ಮೈ ಗಾಡ್, ಅಮ್ಮಾ. ಯೂ ಥಿಂಕ್ ಇಟ್ಸ್ ಅಬೌಟ್ ಕ್ಯಾಸ್ಟ್? ದೇ ಡೋಂಟ್ ಈವನ್ ನೋ ದಟ್ ವರ್ಡ್." ಆಮೇಲೆ, ಅಪರೂಪಕ್ಕೆ, ಕನ್ನಡದಲ್ಲಿ ಹೇಳಿದಳು. "ನೀನು ಸೈನ್ ಮಾಡಿದೀಯಲ್ಲ. ಟೀಟಾ ಎರ್ಲಿಂಡಾ ಮೇಲೆ. ಅದಕ್ಕೆ."

"ಅವಳ ಮೇಲಲ್ಲ ಕಣೇ. ಅವಳಿಗೋಸ್ಕರ ಸೈನ್ ಮಾಡಿದ್ದು."

"ದಟ್ಸ್ ನಾಟ್ ವಾಟ್ ಇಟ್ ಸೇಸ್."

ಕೆಂಪಮ್ಮ ಗೇರಿನ ಮೇಲಿಟ್ಟಿದ್ದ ಕೈ ತೆಗೆದಳು.

ಆ ಕಾಗದದ ಕಥೆ ಇಷ್ಟು. ಹದಿನಾಲ್ಕನೇ ರೂಮಿನ ಮುದುಕನ ತೂಕ ಇನ್ನೂರ ನಲವತ್ತು ಪೌಂಡು. ಅವನನ್ನು ಮಂಚದಿಂದ ಎತ್ತಲು ಒಂದು ಯಂತ್ರ ಇತ್ತು. ಇಪ್ಪತ್ತು ದಿನದಿಂದ ಕೆಟ್ಟು ಮೂಲೆ ಸೇರಿತ್ತು, ಮೈಮೇಲೆ ಹಳದಿ ಟೇಪು. ಯಂತ್ರವಿಲ್ಲದಿದ್ದರೆ ಇಬ್ಬರು ಎತ್ತಬೇಕು. ಆ ದಿನ ಜನ ಸಾಲದೆಂದು ಕೆಂಪಮ್ಮನನ್ನು ಬೇರೆ ವಿಂಗಿಗೆ ಅಟ್ಟಿದ್ದರು. ಮುದುಕ ಮಂಚದಿಂದ ಜಾರುತ್ತಿದ್ದ. ಎರ್ಲಿಂಡಾ ಒಬ್ಬಳೇ ಹಿಡಿದಳು. ಕೂಗು ಕೇಳಿ ಕೆಂಪಮ್ಮ ಓಡಿ ಬಂದಾಗ ಅವಳು ನೆಲದ ಮೇಲೆ ಬಿದ್ದಿದ್ದಳು, ಮುದುಕ ಮಾತ್ರ ಮಂಚದ ಮೇಲೆ ಸುರಕ್ಷಿತವಾಗಿದ್ದ.

ಎರಡು ದಿನ ಬಿಟ್ಟು ಜಯಸಿಂಹ ಆಫೀಸಿಗೆ ಕರೆಸಿದ. ಬಾಗಿಲು ಹಾಕಿದ. ಕುರ್ಚಿ ತೋರಿಸಿದ. "ಕೂತ್ಕೊಳ್ಳಿ ಕೆಂಪಮ್ನೋರೇ" ಎಂದ. ಮೂರು ವರ್ಷದ ಮೇಲೆ ಕನ್ನಡ! ಅವಳಿಗೆ ಅನುಮಾನ ಬರಲಿಲ್ಲವೆಂದಲ್ಲ. ಬಂತು. ಆದರೆ ದಿನಕ್ಕೆ ಹತ್ತು ಗಂಟೆ ಪರಭಾಷೆಯಲ್ಲಿ ಪರರ ಮೈ ಒರೆಸುವವಳಿಗೆ ತನ್ನ ಪೂರ್ತಿ ಹೆಸರು ಕೇಳಿಸಿದರೆ ಏನಾಗುತ್ತದೆಂದು ಅವನಿಗೆ ಗೊತ್ತಿತ್ತು. ಮೇಜಿನ ಮೇಲೆ ಇಂಗ್ಲಿಷ್ ಕಾಗದ. ಕನ್ನಡಕ ಲಾಕರಿನಲ್ಲಿದೆ, ತರ್ತೀನಿ ಅಂದಳು. "ಅಯ್ಯೋ, ನಾನಿಲ್ವಾ? ನಾನೇ ಕನ್ನಡದಲ್ಲಿ ಓದಿ ಹೇಳ್ತೀನಿ" ಎಂದು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಓದಿದ. ಎರ್ಲಿಂಡಾ ಕೆಲಸದ ಮೇಲೆ ಇದ್ದಾಗಲೇ ಬಿದ್ದಳು, ನಾನು ನೋಡಿದೆ, ಅವಳಿಗೆ ಇನ್ಶೂರೆನ್ಸ್ ಸಿಗಬೇಕು. ಹಾಗಂತ ಓದಿದ. ಅವಳು ಸಹಿ ಹಾಕಿದಳು. ಬೇರೆ ಯಾರೇ ಓದಿದ್ದರೂ ಕನ್ನಡಕ ತರುತ್ತಿದ್ದಳು. ಕನ್ನಡದವನೆಂದು ತರಲಿಲ್ಲ.

ಪದ್ಯದ ಹುಡುಗರ ಗುಂಪಿನಲ್ಲಿ ಒಂದು ಕಟ್ಟಳೆ ಇತ್ತು. ಯಾರ ವಿಷಯ ಪದ್ಯದಲ್ಲಿ ಬರುತ್ತದೋ ಅವರ ಮುಂದೆ ಮೊದಲು ಅದನ್ನು ಓದಬೇಕು. ಅವರು ಹಗೆಯಾಗಿದ್ದರೂ ಸರಿಯೇ. ಹೊರಗಿನ ಜನರ ಮುಂದೆ ಮೈಕು ಆಮೇಲೆ. ಭಾನುವಾರ ಲಿಗಾಯಾ ಅಪಾರ್ಟ್‌ಮೆಂಟಿಗೆ ಬಂದಳು. ಬೂಟು ಬಿಚ್ಚಿ ಬಾಗಿಲಲ್ಲಿಟ್ಟು, ಸೋಫಾದ ತುದಿಯಲ್ಲಿ ಕೂತಳು. ಕೆಂಪಮ್ಮ ಕಾಫಿ ಕೊಟ್ಟಳು. ಹುಡುಗಿ ಲೋಟ ಮುಟ್ಟಲಿಲ್ಲ. ಜೀವಮಾನದಲ್ಲಿ ಎಷ್ಟೋ ಮನೆಯವರು ತನ್ನ ಕೈಯ ಕಾಫಿ ಕುಡಿದಿರಲಿಲ್ಲ. ಅವೆಲ್ಲ ಅವರ ತಪ್ಪು. ಇದು ತನ್ನ ತಪ್ಪಿಗೆ ಎಂದು ಅನಿಸಿದ್ದು ಇದೇ ಮೊದಲು. ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ.

ಲಿಗಾಯಾ ನಿಂತು ಓದಿದಳು. ಇಂಚರ ತಡವರಿಸುತ್ತಾ ಕನ್ನಡ ಮಾಡಿದಳು.

ನನ್ನಮ್ಮ ಎತ್ತಿದ್ದು ಇನ್ನೂರ ನಲವತ್ತು ಪೌಂಡು.
ಅವಳನ್ನು ಎತ್ತಲು ಯಾರೂ ಇರಲಿಲ್ಲ.
ಇದ್ದಳು ಒಬ್ಬಳು.
ಅವಳು ಪೆನ್ನು ಎತ್ತಿದಳು.

"ಸಾಕು" ಅಂದಳು ಕೆಂಪಮ್ಮ. "ಎಲ್ಲಿ ಆ ಕಾಗದ, ತೋರ್ಸು."

ಲಿಗಾಯಾ ಫೋನಿನಲ್ಲಿದ್ದ ಅದರ ಫೋಟೋ ತೆರೆದು ಕೊಟ್ಟಳು. ಇನ್ಶೂರೆನ್ಸಿನವರು ಹೋದ ವಾರ ದುಡ್ಡು ಕೊಡಲು ಆಗುವುದಿಲ್ಲವೆಂದು ಕಾಗದ ಕಳಿಸುವಾಗ ಜೊತೆಗಿಟ್ಟಿದ್ದ ಪ್ರತಿ. ಕೆಂಪಮ್ಮ ಈ ಸಲ ಕನ್ನಡಕ ಹಾಕಿಕೊಂಡಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಎತ್ತುವ ಯಂತ್ರ ಸರಿಯಾಗಿ ಕೆಲಸ ಮಾಡುತ್ತಿತ್ತು. ಎರ್ಲಿಂಡಾ ಅದನ್ನು ಬಳಸಲು ಒಪ್ಪಲಿಲ್ಲ. ನಾನು ಎದುರಿಗೇ ಇದ್ದು ನೋಡಿದೆ. ಕೆಳಗೆ ಅವಳದೇ ಸಹಿ, ಅವಳ ಪೂರ್ತಿ ಹೆಸರು.

"ನಂಗೊತ್ತಿರ್ಲಿಲ್ಲ."

ಇಂಚರ ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಲಿಗಾಯಾಳ ಮುಖದಲ್ಲಿ ಏನೂ ಬದಲಾಗಲಿಲ್ಲ. "ಎವ್ರಿಬಡಿ ಸೇಸ್ ದಟ್, ಟೀಟಾ."

ಕೆಂಪಮ್ಮನಿಗೆ ರೇಗಿತು. ಆದರೆ ಹುಡುಗಿ ನಂಬದಿದ್ದದ್ದು ಸರಿ ಎಂದೂ ಅನಿಸಿತು. ಅವಳ ಜಾಗದಲ್ಲಿ ತಾನಿದ್ದರೆ ತಾನೂ ನಂಬುತ್ತಿರಲಿಲ್ಲ. "ನಂಬು ಅಂತ ಕೇಳ್ತಿಲ್ಲ ಕಣಮ್ಮ" ಅಂದಳು. "ನಿಮ್ಮಮ್ಮನ ಬೆನ್ನು ಹೇಗಿದೆ, ಅಷ್ಟು ಹೇಳು."

ಕೂರಲು ಆಗುವುದಿಲ್ಲ, ಆಪರೇಷನ್ ಆಗಬೇಕು, ಆ ಕಾಗದ ಇರುವ ತನಕ ಯಾರೂ ಮಾಡುವುದಿಲ್ಲ ಎಂದಳು ಲಿಗಾಯಾ. ಮುಂದಿನ ಶನಿವಾರ ಎರಡು ಗಂಟೆಗೆ ಚರ್ಚಿನ ಹಾಲಿನಲ್ಲಿ ಕಾರ್ಯಕ್ರಮ. ಅಡ್ಮಿನಿಸ್ಟ್ರೇಟರಿಗೂ ಅದೇ ಕಟ್ಟಳೆಯ ಪ್ರಕಾರ ಪದ್ಯ ಕಳಿಸಿದ್ದೇವೆ. ನಿಮ್ಮ ಸಾಲು ಹೀಗೇ ಇರಲೋ, ಬದಲಾಯಿಸಲೋ, ನೀವೇ ಹೇಳಬೇಕು. ಇಷ್ಟು ಹೇಳಿ ಬೂಟು ಹಾಕಿಕೊಂಡು ಹೋದಳು.

ಸೋಮವಾರ ಕೆಂಪಮ್ಮ ಜಯಸಿಂಹನ ಆಫೀಸಿಗೆ ಹೋಗಿ ಕಾಗದ ವಾಪಸ್ ಕೇಳಿದಳು.

"ಬಿಡಿ, ಆಗಿದ್ದಾಯ್ತು" ಎಂದ ಅವನು. "ಆ ಫಿಲಿಪಿನೋದೋರ ಗಲಾಟೇಲಿ ನಿಮಗೇನು ಕೆಲಸ? ನಾವು ನಾವು ಕನ್ನಡದೋರು ಒಬ್ಬರಿಗೊಬ್ಬರು ಆಗ್ಬೇಕು. ನಿಮ್ಮನ್ನ ಸೂಪರ್‌ವೈಸರ್ ಮಾಡೋಣ ಅಂತಿದೀನಿ. ತಗೊಳ್ಳಿ, ಪ್ರಭಾ ರವೆ ಉಂಡೆ ಕಳ್ಸಿದಾಳೆ."

ಪ್ರಸಾದದ ತಟ್ಟೆ ಮುಟ್ಟಿಸದ ಮನೆಯಿಂದ ಉಂಡೆ ಬಂದಿತ್ತು. ಬೆಣ್ಣೆ ಹಚ್ಚುವುದಕ್ಕೂ ಒಂದು ಮಿತಿ ಬೇಡವೆ? ಕೆಂಪಮ್ಮ ಡಬ್ಬಿ ತೆಗೆದುಕೊಂಡು ಹೊರಗೆ ಬಂದು, ಹೇಲುಚ್ಚೆಯ ಬಟ್ಟೆಗಳ ತೊಟ್ಟಿಗೆ ಮುಚ್ಚಳ ಸಮೇತ ಹಾಕಿದಳು. ಆಮೇಲೆ ಹದಿನಾಲ್ಕನೇ ರೂಮಿಗೆ ಹೋಗಿ ಮುದುಕನ ಮೈ ಒರೆಸಿದಳು.

ಆ ವಾರವೆಲ್ಲ ಅವಳಿಗೆ ಎಲ್ಲರ ಮೇಲೂ ಅನುಮಾನವೇ, ಲಿಗಾಯಾಳಿಗೆ ಉತ್ತರ ಹೇಳಿ ಕಳಿಸಲಿಲ್ಲ. ಹುಡುಗರು ತನ್ನನ್ನು ಮುಂದೆ ತಳ್ಳಿ ತಾವು ಜಾರಿಕೊಂಡರೆ? ಕೆಲಸ ಹೋದರೆ ಈ ಚಿಟಿಕೆ ಹೊಡೆಯುವವರು ಅನ್ನ ಹಾಕುತ್ತಾರೆಯೇ? ಇಂಚರಳ ಕಾಲೇಜು? ಮಗಳು ಊಟಕ್ಕೆ ಕೂತಾಗ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಕೆಲಸ ಹೋದರೆ ಇನ್ನೊಂದು ಸಿಗಬಹುದು. ಮಗಳ ಕಣ್ಣಲ್ಲಿ ತಾನು ಪೆನ್ನು ಎತ್ತಿದ ಹೆಂಗಸಾಗಿಯೇ ಉಳಿದರೆ ಯಾವ ಊರಿಗೆ ಹೋಗಿ ಏನು ಮಾಡುವುದು?

ಶನಿವಾರ ಚರ್ಚಿನ ಹಾಲ್ ಜನರಿಂದ ತುಂಬಿತ್ತು. ಡೆಟ್ರಾಯಿಟ್‌ನಿಂದಲೂ ಒಂದು ವ್ಯಾನಿನ ತುಂಬ ಹುಡುಗರು ಬಂದಿದ್ದರು. ಬ್ರೇಕ್ ರೂಮಿನ ಹೆಂಗಸರೆಲ್ಲ ಇದ್ದರು. ಎರ್ಲಿಂಡಾ ಮುಂದಿನ ಸಾಲಿನ ಪಕ್ಕದಲ್ಲಿ ಒರಗು ಕುರ್ಚಿಯಲ್ಲಿ ಬೆಲ್ಟು ಬಿಗಿದುಕೊಂಡು ಅರ್ಧ ಮಲಗಿದ್ದಳು. ಮೂರನೇ ಸಾಲಿನಲ್ಲಿ ಜಯಸಿಂಹ, ಸೂಟು ಹಾಕಿಕೊಂಡು. ಕೆಲಸದವರಲ್ಲಿ ಯಾರು ಯಾರು ಬಂದಿದ್ದಾರೆ ನೋಡಿಕೊಂಡು ಹೋಗಲು ಬಂದಿದ್ದ. ಶುರುವಿಗೆ ಎಲ್ಲರೂ ಚಪ್ಪಾಳೆ ತಟ್ಟಿದರು. ಮೊದಲು ನಿಧಾನಕ್ಕೆ, ಆಮೇಲೆ ಜೋರಾಗಿ, ಕೊನೆಗೆ ಒಂದು ಕೂಗಿಗೆ ಇನ್ನೂರು ಕೈ ಒಟ್ಟಿಗೆ ಬಡಿದು ನಿಂತವು. ಒಬ್ಬರು ಬಿದ್ದರೆ ಎಲ್ಲರೂ ಬಿದ್ದ ಹಾಗೆ, ಅದರ ಅರ್ಥ ಅದು ಎಂದಳು ಇಂಚರ. ಕೆಂಪಮ್ಮ ಕೈ ಕಟ್ಟಿಕೊಂಡು ಗೋಡೆಗೆ ಒರಗಿ ನಿಂತಿದ್ದಳು.

ಲಿಗಾಯಾ ಪದ್ಯ ಹೇಳಿದಳು. "ಇದ್ದಳು ಒಬ್ಬಳು" ಎನ್ನುವ ಸಾಲಿಗೆ ಬಂದು ನಿಲ್ಲಿಸಿದಳು. ಮುಂದಿನದನ್ನು ಹೇಳಲಿಲ್ಲ. ಗೋಡೆಯ ಕಡೆ ನೋಡುತ್ತಾ ಕಾದಳು.

ಕೆಂಪಮ್ಮ ನಡೆದಳು. ಮೈಕಿನ ಮುಂದೆ ನಿಂತು, ಅವಳಿಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ ಹೇಳಿದಳು.

"ಮಷೀನ್ ಬ್ರೋಕನ್. ಟ್ವೆಂಟಿ ಡೇಸ್ ಬ್ರೋಕನ್. ಐ ಸೈನ್ ಪೇಪರ್. ಪೇಪರ್ ಲೈ."

ಜಯಸಿಂಹ ಎದ್ದು ನಿಂತ. ಮನೆಗೆ ಬಂದ ನೆಂಟರನ್ನು ಮಾತಾಡಿಸುವವನ ಹಾಗೆ ಮುಖದ ತುಂಬ ನಗು. ದನಿ ಮೆತ್ತಗಿತ್ತು. ಕನ್ನಡದಲ್ಲಿ ಮಾತಾಡಿದ. ಆ ಹಾಲಿನಲ್ಲಿ ಕನ್ನಡ ಬರುತ್ತಿದ್ದವರು ಮೂರೇ ಜನ.

"ಕೆಂಪಮ್ನೋರೇ, ಇಳೀರಿ ಕೆಳಗೆ. ಎಲ್ಲಾರೂ ನಗ್ತಾರೆ."

ಕೆಂಪಮ್ಮ ಅವನನ್ನು ನೋಡಿದಳು. ಮೈಕನ್ನು ನೋಡಿದಳು.

"ಹೀ ಸೇ, ಕೆಂಪಮ್ಮ ಕಮ್ ಡೌನ್. ಎವ್ರಿಬಡಿ ಲಾಫ್."

ಯಾರೂ ನಗಲಿಲ್ಲ. ಜಯಸಿಂಹನ ನಗು ಅರ್ಧ ಇಳಿಯಿತು.

"ನಿಮಗೆ ಇಂಗ್ಲಿಷ್ ಸರಿಯಾಗಿ ಬರಲ್ಲ. ಏನೋ ಹೇಳೋಕೋಗಿ ಸಿಕ್ಕಾಕೊಂಡ್ಬಿಡ್ತೀರ."

"ಹೀ ಸೇ, ಯುವರ್ ಇಂಗ್ಲಿಷ್ ಬ್ಯಾಡ್. ಯೂ ಗೆಟ್ ಟ್ರಬಲ್."

"ಸೋಮವಾರ ಕೆಲಸಕ್ಕೆ ಬರೋದು ಬೇಡ್ವಾ? ಮಗಳ್ನ ಓದ್ಸೋದು ಬೇಡ್ವಾ?"

"ಹೀ ಸೇ, ಮಂಡೇ ಯೂ ವಾಂಟ್ ಜಾಬ್ ಆರ್ ನೋ? ಡಾಟರ್ ಕಾಲೇಜ್, ವಾಂಟ್ ಆರ್ ನೋ?"

ಸಾಲು ಸಾಲಾಗಿ ಫೋನುಗಳು ಮೇಲೆದ್ದವು. ಅಷ್ಟಕ್ಕೇ ಅವನು ಬಾಯಿ ಮುಚ್ಚಬೇಕಿತ್ತು. ಆದರೆ ಕನ್ನಡ ಅವನಿಗೆ ಬಾಗಿಲು ಹಾಕಿದ ಆಫೀಸಾಗಿತ್ತು. ಒಳಗೆ ಏನಂದರೂ ಹೊರಗೆ ಹೋಗುವುದಿಲ್ಲ ಎನ್ನುವುದು ರೂಢಿಯಾಗಿಬಿಟ್ಟಿತ್ತು. ಕತ್ತಿನ ನರ ಉಬ್ಬಿಸಿ ಹೇಳಿಯೇಬಿಟ್ಟ.

"ಮನೆ ಒಳಗೆ ಕರೆದಿದ್ದೇ ತಪ್ಪಾಯ್ತು. ಎಷ್ಟಾದ್ರೂ ನಿಮ್ಮ ಜನದ ಬುದ್ಧಿ ಇಷ್ಟೇ."

ಕೆಂಪಮ್ಮ ಇದೊಂದನ್ನು ನುಂಗಿಬಿಡಬಹುದಿತ್ತು. ನುಂಗಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಐವತ್ತೆರಡು ವರ್ಷ ನುಂಗಿದ್ದಳು, ಮಗಳಿಗೂ ನುಂಗುವುದನ್ನೇ ಕಲಿಸಿದ್ದಳು. ಗೋಡೆಯ ಹತ್ತಿರ ಇಂಚರ ಅಮ್ಮನನ್ನೇ ನೋಡುತ್ತಾ ನಿಂತಿದ್ದಳು. ಒರಗು ಕುರ್ಚಿಯಲ್ಲಿ ಎರ್ಲಿಂಡಾ ನೋವನ್ನು ಹಲ್ಲು ಕಚ್ಚಿ ತಡೆದುಕೊಂಡು ಅವಳ ಮುಖ ನೋಡಲು ಕತ್ತು ಎತ್ತಿದ್ದಳು.

"ಹೀ ಸೇ, ಮಿಸ್ಟೇಕ್, ಐ ಕಾಲ್ ಯೂ ಇನ್ ಮೈ ಹೌಸ್. ಯುವರ್ ಪೀಪಲ್, ಲೈಕ್ ದಿಸ್ ಓನ್ಲಿ." ಮೈಕಿನ ಇನ್ನೂ ಹತ್ತಿರಕ್ಕೆ ಸರಿದಳು. "ಯುವರ್ ಪೀಪಲ್ ಮೀನ್ಸ್, ಅನ್‌ಟಚಬಲ್. ಐ ಆಮ್. ಮೈ ಹಸ್ಬೆಂಡ್. ಮೈ ಡಾಟರ್. ಇನ್ ಹಿಸ್ ಹೌಸ್, ಆಲ್ ಲೇಡೀಸ್ ಗೆಟ್ ಗಾಡ್ ಫುಡ್ ಇನ್‌ಸೈಡ್. ಐ ಗೆಟ್ ಇನ್ ಗ್ಯಾರೇಜ್."

ಹಾಲಿನಲ್ಲಿ ಒಂದು ಚಿಟಿಕೆಯೂ ಕೇಳಿಸಲಿಲ್ಲ.

ಜಯಸಿಂಹ ಸುತ್ತಲೂ ಎತ್ತಿದ್ದ ಫೋನುಗಳನ್ನು ನೋಡಿ ಸಾಲಿನಿಂದ ಹೊರಗೆ ಬರಲು ದಾರಿ ಹುಡುಕಿದ. ಸಾಲಿನ ಎರಡೂ ಕಡೆ ಬ್ರೇಕ್ ರೂಮಿನ ಹೆಂಗಸರು ಕೂತಿದ್ದರು. ಅವರು ಕಾಲು ಸರಿಸಲಿಲ್ಲ.

ಕೆಂಪಮ್ಮ ಮೈಕಿನಿಂದ ಕದಲಲಿಲ್ಲ. ಈಗ ಅವಳು ಕನ್ನಡದಲ್ಲೇ ಕೇಳಿದಳು.

"ಯಾಕ್ ಸಾರ್ ನಿಲ್ಲಿಸ್ಬಿಟ್ರಿ? ಹೇಳಿ. ಆವತ್ತು ಕಾಗದ ಓದಿದ್ರಲ್ಲ, ಹಂಗೇ ನಿಧಾನಕ್ಕೆ ಹೇಳಿ. ನಾನ್ ಮಾತ್ರ ಒಂದಕ್ಷರಾನೂ ಬದಲಾಯ್ಸಲ್ಲ."